ದುಡ್ಡು ಪಡೆದು ಬರೆದ ವಿಮರ್ಶೆ: ಯೆಹೂದಿ ಧರ್ಮಶಾಸ್ತ್ರ ಏನನ್ನುತ್ತದೆ?

ತಾಳೆಗರಿ: ಕಂಪನಿ ಮಿಕ್ಸಿಯನ್ನು ಪುಕ್ಕಟೆ ಕಳಿಸಿ ಸಂಭಾವನೆಯನ್ನೂ ಕೊಟ್ಟಿದೆ. ವಿಮರ್ಶೆಯಲ್ಲಿ ಬರೆದದ್ದೆಲ್ಲ ನಿಜ, ಹಣದ ವಿಷಯ ಮಾತ್ರ ಬಿಟ್ಟಿದೆ. ಹಲಾಖಾ (ಯೆಹೂದಿ ಧರ್ಮಶಾಸ್ತ್ರ) ಪ್ರಕಾರ ಇದು ತಪ್ಪಾ?

ಒರೆಗಲ್ಲು: ತಪ್ಪೇ. ಇದಕ್ಕೆ 'ಗೆನೇವತ್ ದಅತ್' ಅಂತಾರೆ, ಮನಸ್ಸಿನ ಕಳವು. ಯೆಹೂದ್ಯರ ಪ್ರಾಚೀನ ಧರ್ಮಚರ್ಚೆಯ ಗ್ರಂಥವಾದ ತಾಲ್ಮುದ್‌ನ ಹುಲ್ಲೀನ್ ಭಾಗ, 94ನೇ ಹಾಳೆ ನೋಡಿ. ವ್ಯಾಪಾರಿಗೆ ಆಗಲೇ ಮಾರಿಹೋದ, ಹೇಗೂ ತೆರೆಯಲಿದ್ದ ದ್ರಾಕ್ಷಾರಸದ ಪೀಪಾಯಿಯನ್ನು 'ನಿಮಗೋಸ್ಕರ ತೆಗೆದೆ' ಅನ್ನಿಸುವಂತೆ ಅತಿಥಿಯ ಮುಂದೆ ತೆರೆಯಬಾರದು. ರಸ ಚೆನ್ನಾಗೇ ಇದೆ, ಬಾಯಲ್ಲಿ ಸುಳ್ಳೂ ಬಂದಿಲ್ಲ. ಆದರೂ ಅತಿಥಿಯ ಕೃತಜ್ಞತೆ ಕದ್ದಂತಾಯಿತು. ಯೆಹೂದ್ಯರಲ್ಲದವರಿಗೂ ಹೀಗೆ ಮಾಡಬಾರದು ಅಂತ ಅಲ್ಲಿ ಬರುವ ವಿದ್ವಾಂಸ ಶ್ಮೂಎಲ್ ಮಾತು.

ಮರುಮಾತು: ಅದೇ ಹಾಳೆ ಮಗುಚಿ ಓದಿ. ರಾವಾ, ರಾವ್ ಸಾಫ್ರಾ ಅನ್ನುವ ಇಬ್ಬರು ವಿದ್ವಾಂಸರು ದಾರಿಯಲ್ಲಿ ಹೋಗುವಾಗ ಇನ್ನೊಬ್ಬ ವಿದ್ವಾಂಸ ಮಾರ್ ಜುತ್ರಾ ಎದುರಾದ. ತನ್ನನ್ನು ಸ್ವಾಗತಿಸಲಿಕ್ಕೇ ಬಂದಿದ್ದಾರೆ ಅಂದುಕೊಂಡ. ಸಾಫ್ರಾ ನಿಜ ಹೇಳಿದ. ರಾವಾ ಆಕ್ಷೇಪಿಸಿದ: ಅವನಿಗೆ ಅವನೇ ಮೋಸ ಮಾಡಿಕೊಂಡ, ನಾವಲ್ಲ. ಮಾಲು ಪುಕ್ಕಟೆ ಬಂದಿರುತ್ತೆ ಅಂತ ಈಗ ಯಾರಿಗೆ ಗೊತ್ತಿಲ್ಲ?

ಒರೆಗಲ್ಲು: ರಾವಾ, ಸಾಫ್ರಾ ಇಬ್ಬರೂ ಆ ಭ್ರಮೆ ಹುಟ್ಟಿಸುವ ಕೆಲಸವನ್ನೇ ಮಾಡಿರಲಿಲ್ಲ. ಇಲ್ಲಿ ಬರಹದ ಧಾಟಿಯೇ 'ನಾನೇ ಕೊಂಡೆ' ಅನ್ನೋ ಥರ. 20 ಹ್ಯಾಶ್‌ಟ್ಯಾಗ್‌ಗಳ ಬಾಲದಲ್ಲಿ 'ಜಾಹೀರಾತು' ಅಂತ ಹುಗಿದಿಟ್ಟರೆ ಹೇಳಿದ ಹಾಗಲ್ಲ. ಮೊದಲ ಸಾಲಿನಲ್ಲೇ ಬರಬೇಕು.

ತೂಕದಬಟ್ಟು: ಹೇಳಿಬಿಟ್ಟರೆ ಮುಗೀತಾ? ತಾಲ್ಮುದ್‌ನದೇ ಇನ್ನೊಂದು ಭಾಗ ಕೆತುಬೋತ್, ಅದರ 105ನೇ ಹಾಳೆಯಲ್ಲಿ ರಬ್ಬಿ (ಧರ್ಮಗುರು) ಯಿಶ್ಮಾಯೇಲ್‌ನ ಗೇಣಿದಾರ ಪ್ರತಿ ಶುಕ್ರವಾರ ಒಂದು ಬುಟ್ಟಿ ಹಣ್ಣು ತರುತ್ತಿದ್ದ, ರಬ್ಬಿಯದೇ ತೋಟದ್ದು. ಒಮ್ಮೆ ಗುರುವಾರವೇ ತಂದ. ಅವತ್ತು ರಬ್ಬಿಯ ಮುಂದೆ ಅವನದೊಂದು ವ್ಯಾಜ್ಯ ಇತ್ತು. ರಬ್ಬಿ ಹಣ್ಣು ಮುಟ್ಟಲಿಲ್ಲ, ತೀರ್ಪನ್ನೂ ಬೇರೆಯವರಿಗೆ ಬಿಟ್ಟ. ಆದರೂ 'ಇವನು ಹೀಗೆ ವಾದಿಸಬಹುದಿತ್ತಲ್ಲ' ಅಂತ ಮನಸ್ಸು ಅತ್ತಲೇ ವಾಲುತ್ತಿತ್ತು. ತನ್ನದೇ ಹಣ್ಣು, ತಗೊಂಡೂ ಇಲ್ಲ! ಇನ್ನು ಮಿಕ್ಸಿ ಇಟ್ಟುಕೊಂಡವನ ಪಾಡೇನು?

ಮರುಮಾತು: ಲಂಚದ ನಿಷೇಧ ನ್ಯಾಯಾಧೀಶನಿಗೆ, ವಿಮರ್ಶಕನಿಗಲ್ಲ. ಅದೇ 105ರಲ್ಲಿ ಕಾರ್ನಾ ಅನ್ನುವ ನ್ಯಾಯಾಧೀಶ ದ್ರಾಕ್ಷಾರಸದ ಉಗ್ರಾಣಗಳನ್ನು ಮೂಸಿ ನೋಡಿ ಒಂದು ಜೂಜ್ (ಬೆಳ್ಳಿ ನಾಣ್ಯ) ಕೂಲಿ ಪಡೀತಿದ್ದ. ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ತೂಕದಬಟ್ಟು: ಒಳ್ಳೇ ಉದಾಹರಣೆ, ಆದರೆ ನಿಮಗೇ ತಿರುಗುಬಾಣ. ಯಾವ ರಸ ಬಾಳಿಕೆ ಬರುತ್ತೆ, ಯಾವುದನ್ನು ಬೇಗ ಮಾರಬೇಕು ಅಂತ ಅವನು ಹೇಳುತ್ತಿದ್ದದ್ದು ಉಗ್ರಾಣದವನಿಗೇ. ಕಾಸು ಕೊಟ್ಟವನಿಗೇ ಸತ್ಯ ಬೇಕಿತ್ತು. ಇಲ್ಲಿ ಕಾಸು ಒಬ್ಬನದು, ಕಿವಿ ಇನ್ನೊಬ್ಬನದು.

ತಾಳೆಗರಿ: ಹಾಗಾದರೆ ಯಾವ ಷರತ್ತಿನ ಮೇಲೆ ಒಪ್ಪಬಹುದು?

ತೂಕದಬಟ್ಟು: ನನ್ನ ಪ್ರಕಾರ, ಕೂಲಿ ಮೊದಲೇ ನಿಗದಿಯಾಗಿರಬೇಕು, ಸ್ಟಾರ್‌ಗೂ ಮಾರಾಟಕ್ಕೂ ತಳಕು ಹಾಕಬಾರದು. ಪ್ರಕಟಿಸುವ ಮುಂಚೆ ಕಂಪನಿ ತಿದ್ದುವಂತಿಲ್ಲ. ಜಾರ್ ಸೋರಿದರೆ ಸೋರುತ್ತೆ ಅಂತಲೇ ಬರೀಬೇಕು. '5 ಸ್ಟಾರ್ ಹಾಕಿದರೆ ಹಣ ವಾಪಸ್' ಚೀಟಿಗಂತೂ ದಾರಿಯೇ ಇಲ್ಲ.

ಒರೆಗಲ್ಲು: ವಿಮರ್ಶೆಯಲ್ಲಿ ಕೊಟ್ಟ ಕೊಂಡಿ ಒತ್ತಿ ಓದುಗ ಕೊಂಡರೆ ಕಮಿಷನ್ ಬರುತ್ತಲ್ಲ, ಅದನ್ನೂ ಸೇರಿಸಿ. ಕುರುಡನ ಮುಂದೆ ಎಡವುಗಲ್ಲು ಇಡಬೇಡ ಅನ್ನುವ ಬೈಬಲಿನ ಲೇವಿಯ ಕಾಂಡ 19:14ಕ್ಕೆ ಅದರ ಪ್ರಾಚೀನ ವ್ಯಾಖ್ಯಾನ ಸಿಫ್ರಾ ಕೊಡುವ ಉದಾಹರಣೆಯೇ ಇದು: 'ಹೊಲ ಮಾರಿ ಕತ್ತೆ ಕೊಂಡುಕೋ' ಅಂತ ಬುದ್ಧಿ ಹೇಳಿ, ಆ ಹೊಲವನ್ನು ತಾನೇ ಹೊಡೆದುಕೊಳ್ಳೋದು.