ಮನೆಯಲ್ಲಿ ಗೊದ್ದ ಸಾಕುವುದು ಹೇಗೆ?

ಪ್ರಶ್ನೆ (ಡೊಂಬಿವಲಿ):
ಮೊದಲ ಮಳೆ ಬಿದ್ದ ಮೇಲೆ ಬಾಲ್ಕನಿಯಲ್ಲಿ ರೆಕ್ಕೆ ಕಳಚಿದ ದೊಡ್ಡ ಕಪ್ಪು ಗೊದ್ದ ಸಿಕ್ಕಿದೆ, ರಾಣಿಯೇ ಇರಬೇಕು ಅಲ್ವಾ? ಮಗಳಿಗೆ ಸಾಕುವ ಆಸೆ. ಆನ್‌ಲೈನ್‌ನಲ್ಲಿ ಸಿಗುವ ಜೆಲ್ ಡಬ್ಬಿ (ಇರುವೆಗೆ ಗೂಡೂ ಊಟವೂ ಆಗುವ ಜೆಲ್ ತುಂಬಿದ್ದು) ತಗೊಳ್ಳಲಾ? ದಿನಾ ಸಕ್ಕರೆ ಹಾಕಬೇಕಾ?

ಉತ್ತರ (ಪುಣೆ):
ಜೆಲ್ ಬೇಡ, ಮರಿಗಳು ಬೆಳೆಯಲು ಬೇಕಾದ ಪ್ರೋಟೀನ್ ಅದರಲ್ಲಿಲ್ಲ. ಟೆಸ್ಟ್ ಟ್ಯೂಬ್ ಸಾಕು. ತಳದಲ್ಲಿ ನೀರು, ಅದಕ್ಕೆ ಹತ್ತಿಯ ಬಿರಡೆ, ರಾಣಿಯನ್ನು ಬಿಟ್ಟು ಬಾಯಿಗೂ ಹತ್ತಿ. ಕತ್ತಲಲ್ಲಿ ಇಡಿ. ಊಟ ಏನೂ ಬೇಡ ರೀ! ಗೊದ್ದದ ರಾಣಿ ಹಾರಾಟ ಮುಗಿದ ಮೇಲೆ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು, ಮೈಯಲ್ಲಿರುವ ಕೊಬ್ಬನ್ನೂ ಬಳಸಿಕೊಂಡು ಮೊದಲ ಮರಿಗಳನ್ನು ಸಾಕುತ್ತಾಳೆ, ಇದು ನನಗೆ ಇವತ್ತಿಗೂ ಬೆರಗು. ಸುಮ್ನೆ ದಿನಾ ಎತ್ತಿ ನೋಡಬೇಡಿ, ಗಾಬರಿಗೆ ತನ್ನ ಮೊಟ್ಟೆಯನ್ನೇ ತಿಂದುಬಿಡಬಹುದು.

ಉತ್ತರ (ಮಡಗಾಂವ್):
ಕೆಲಸಗಾರ ಇರುವೆಗಳು ಬಂದ ಮೇಲೆ ಜೇನುನೀರಿನ ಹನಿ, ಸತ್ತ ನೊಣ ಕೊಡಿ. ಸ್ಪ್ರೇ ಹೊಡೆದು ಸತ್ತದ್ದು ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ತೇವ ಜಾಸ್ತಿ, ಉಳಿದ ಊಟಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ, ಮರುದಿನವೇ ತೆಗೆಯಿರಿ. ಮತ್ತೆ ಚಗಳಿ ಹಿಡಿಯಲು ಹೋಗಬೇಡಿ, ಅವು ಮರದ ಮೇಲೆ ಎಲೆ ಹೆಣೆದು ಗೂಡು ಕಟ್ಟುವ ಜಾತಿ.