ರಂಗನತಿಟ್ಟು ದೋಣಿಯಲ್ಲಿ ಲೆನ್ಸ್ ಬದಲಿಸಬಹುದಾ?

ಪ್ರಶ್ನೆ: ಕ್ಯಾನನ್ ಡಿಎಸ್‌ಎಲ್‌ಆರ್, ಜೊತೆಗೆ 18-55, 55-250 ಎಂಎಂನ ಇಎಫ್-ಎಸ್ (ಕ್ಯಾನನ್‌ನ ಒಂದು ಬಗೆಯ) ಲೆನ್ಸ್‌ಗಳಿವೆ. ದೋಣಿಯಲ್ಲೇ ಬದಲಿಸಿದರೆ ತೊಂದರೆಯೇ? ಆಕಾಶದ ಫೋಟೊಗಳಲ್ಲಿ ಈಗಾಗಲೇ ಒಂದು ಬೂದು ಚುಕ್ಕಿ ಬರುತ್ತಿದೆ.

ಉತ್ತರ 1: ದೋಣಿಯಲ್ಲಿ ಖಂಡಿತ ಬೇಡ ಸರ್. ಹತ್ತುವ ಮೊದಲೇ 55-250 ಹಾಕಿಬಿಡಿ. ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹಾಕಬೇಕಾದ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲಿಸಿಟ್ಟುಕೊಳ್ಳಿ. ಕ್ಯಾಮೆರಾ ಬಾಡಿಯ ಬಾಯಿ ನೆಲ ನೋಡುತ್ತಿರಲಿ. ಲೆನ್ಸ್ ಬಿಡಿಸುವ ಗುಂಡಿ ಒತ್ತಿ ಹಳೆಯದನ್ನು ತೆಗೆದು, ಬಿಳಿ ಚೌಕಕ್ಕೆ ಬಿಳಿ ಚೌಕ ಸೇರಿಸಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ‘ಟಕ್’ ಅನ್ನುವವರೆಗೆ ತಿರುಗಿಸಿ. ಬಿಗಿ ಅನಿಸಿದರೆ ಬಲ ಹಾಕಬೇಡಿ, ಗುರುತು ತಪ್ಪಿರುತ್ತದೆ. ನಿಕಾನ್‌ನವರಿಗೆ ದಿಕ್ಕು ಉಲ್ಟಾ.

ಉತ್ತರ 2: ಚುಕ್ಕಿಗೆ: ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಎರಡೂ ಲೆನ್ಸಲ್ಲಿ ಅದೇ ಜಾಗದಲ್ಲಿ ಕಂಡರೆ ಧೂಳು ಸೆನ್ಸರ್ (ಚಿತ್ರ ಮೂಡುವ ಒಳಗಿನ ಫಲಕ) ಮೇಲಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ‘ಕ್ಲೀನ್ ಮ್ಯಾನುಯಲಿ’ (ಕೈಯಾರೆ ಶುಚಿ ಮಾಡುವ ಆಯ್ಕೆ) ಆರಿಸಿ, ಲೆನ್ಸ್ ತೆಗೆದು, ರಬ್ಬರ್ ಬ್ಲೋವರ್‌ನ ಮೂತಿ ಒಳಗೆ ತೂರಿಸದೆ ಊದಿ. ಬಾಯಿಂದ ಊದಲೇಬೇಡಿ! ಎಂಜಲಿನ ಹನಿ ಕೂತರೆ ಬ್ಲೋವರ್‌ಗೆ ಜಗ್ಗುವುದಿಲ್ಲ.

ಉತ್ತರ 3: 250 ಎಂಎಂ ಜೂಮ್‌ನಲ್ಲಿ ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ದೋಣಿ ಅಲುಗಾಡುತ್ತಲೇ ಇರುತ್ತದೆ.