ಕಿಝಿ ಚರ್ಚ್: ದಿಮ್ಮಿ ಬದಲಾಯಿಸಿದ ಮೇಲೂ ಅದು ಅದೇ ಚರ್ಚಾ?

ಹಳೇಕಟ್ಟಡ: ರಷ್ಯಾದ ಕರೇಲಿಯಾದಲ್ಲಿ ಒನೆಗಾ ಸರೋವರದ ನಡುವೆ ಕಿಝಿ ಅಂತ ದ್ವೀಪ ಇದೆ. ಅಲ್ಲಿ 1714ರಲ್ಲಿ ಕಟ್ಟಿದ ಆರ್ಥೊಡಾಕ್ಸ್ (ಪೂರ್ವದ ಹಳೆಯ ಕ್ರೈಸ್ತ ಪಂಥದ) ಚರ್ಚ್ ಪೂರ್ತಿ ಮರದ್ದು. 22 ಗುಮ್ಮಟ, 37 ಮೀಟರ್ ಎತ್ತರ. ಒಂದೇ ಒಂದು ಮೊಳೆ ಬಳಸಿಲ್ಲ! ಆದರೆ ಈಚಿನ ದುರಸ್ತಿಯಲ್ಲಿ ಎಷ್ಟೋ ದಿಮ್ಮಿ ಬದಲಾಯಿಸಿದ್ದಾರೆ. ಹಾಗಾದರೆ ಈಗ ಅಲ್ಲಿರುವುದು ನಕಲು ಅಲ್ವಾ?

ಉಳಿಬಾಚಿ: ಮೊದಲು ಮೊಳೆ ವಿಷಯ. ಗೋಡೆಗೆ ಮೊಳೆ ಬೇಕಾಗಿಲ್ಲ, ಅದು ನಿಜ. ಪೈನ್ ದಿಮ್ಮಿಗಳ ತುದಿಯಲ್ಲಿ ಕಚ್ಚು ಕಡಿದು ಒಂದರ ಮೇಲೊಂದು ಕೂರಿಸಿದ್ದಾರೆ. ಆದರೆ ಗುಮ್ಮಟದ ಮೇಲೆ ಮೀನಿನ ಹುರುಪೆಯ ಹಾಗೆ ಕಾಣುವ ಆಸ್ಪೆನ್ ಮರದ ಬಿಲ್ಲೆಗಳಿವೆಯಲ್ಲ, ಅವನ್ನು ಮೊಳೆ ಹೊಡೆದೇ ನಿಲ್ಲಿಸಿರುವುದು. ಹೀಗೆ ಹೇಳಿದರೆ ಆ ಬಡಗಿಗಳ ಕೈಚಳಕವೇನೂ ಕಡಿಮೆ ಆಗುವುದಿಲ್ಲ. ಮಳೆ ನೀರು ಮೇಲಿನ ಗುಮ್ಮಟದಿಂದ ಕೆಳಗಿನದಕ್ಕೆ ಜಾರಿ, ಗೋಡೆಗೆ ತಾಗದೆ ದೂರ ಬೀಳಬೇಕು. ಸೋರಿದ ನೀರು ಹಿಡಿಯಲು ಒಳಗೆ ಇನ್ನೊಂದು ಮಾಡು ಇದೆ. ನನಗೆ 22 ಗುಮ್ಮಟಕ್ಕಿಂತ ಈ ಯೋಚನೆಯೇ ದೊಡ್ಡದು.

ಇನ್ನು ನಕಲು ಅನ್ನುವ ಮಾತು. 1980ರ ದಶಕದಲ್ಲಿ ಚರ್ಚ್ ಕುಸಿಯದಿರಲಿ ಅಂತ ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಆಮೇಲಿನ ದುರಸ್ತಿಯಲ್ಲಿ ಕಟ್ಟಡವನ್ನು ಅಡ್ಡಲಾಗಿ ಏಳು ಪಟ್ಟಿ ಮಾಡಿಕೊಂಡರು. ಮೇಲಿನ ಭಾಗವನ್ನು ಎತ್ತಿ ಹಿಡಿದು, ಕೆಳಗಿನ ಪಟ್ಟಿ ಬಿಚ್ಚಿ, ಕೊಳೆತದ್ದನ್ನಷ್ಟೇ ತೆಗೆದು ಹೊಸ ಮರ ಸೇರಿಸಿದರು. ಕೆಲಸ ಮುಗಿದದ್ದು 2020ರಲ್ಲಿ. ಸುಮ್ನೆ ಕೆಡವಿ ಕಟ್ಟಿದ್ದಲ್ಲ.

ಹಳೇಕಟ್ಟಡ: ಸರಿ ಸಾರ್. ಆದರೆ ಆ ಮರ ಅಷ್ಟು ಹಾಳಾದದ್ದು ಯಾಕೆ? 19ನೇ ಶತಮಾನದಲ್ಲಿ ಗೋಡೆಗೆ ಹಲಗೆ ಹೊದಿಸಿದ್ದರು. 'ಮೂಲ ರೂಪ' ಬೇಕು ಅಂತ 1950ರ ದಶಕದಲ್ಲಿ ಅದನ್ನು ಕಿತ್ತರು. ದಿಮ್ಮಿಗಳು ನೇರ ಮಳೆ, ಹಿಮಕ್ಕೆ ಬಿದ್ದವು. ನನಗೆ ಸಿಟ್ಟು ಬರುವುದು ಅದಕ್ಕೆ.

ಬ್ರಹ್ಮಾವರದವಳು: ನಮ್ಮದೂ ಆರ್ಥೊಡಾಕ್ಸ್ ಮನೆತನ. ಆದರೆ ನಮ್ಮದು ಸಿರಿಯನ್ ಪರಂಪರೆ, ಅವರದು ಬೈಜಾಂಟೈನ್, ಅಂದರೆ ಗ್ರೀಕ್ ಮೂಲದ್ದು. ನೀವಿಬ್ಬರೂ ಮರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದು ಸುತ್ತಲಿನ ಹಳ್ಳಿಗಳವರು ಸೇರುತ್ತಿದ್ದ ಚರ್ಚ್. ಒಲೆ ಇಲ್ಲದ್ದರಿಂದ ಅಲ್ಲಿ ಬೇಸಿಗೆಯಲ್ಲಷ್ಟೇ ಆರಾಧನೆ. ಚಳಿಗಾಲಕ್ಕೆ ಅಂತಲೇ ಪಕ್ಕದಲ್ಲಿ 9 ಗುಮ್ಮಟದ ಇನ್ನೊಂದು ಚರ್ಚ್ ಇದೆ, 1764ರದ್ದು. 1937ರಲ್ಲಿ ಸೋವಿಯತ್ ಆಡಳಿತದವರು ಅಲ್ಲಿನ ಪಾದ್ರಿಯನ್ನು ಗುಂಡಿಕ್ಕಿ ಕೊಂದರು, ಆರಾಧನೆ ನಿಂತಿತು. ಆ ನಷ್ಟದ ಮುಂದೆ ದಿಮ್ಮಿ ಬದಲಾದದ್ದು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಉಕ್ಕಿನ ಚೌಕಟ್ಟಿಗೆ ಜಾಗ ಮಾಡಲು ಬಿಚ್ಚಿದ್ದ ಐಕಾನ್ ಗೋಡೆ, ಅಂದರೆ ಬಲಿಪೀಠದ ಮುಂದಿನ 102 ಪವಿತ್ರ ಚಿತ್ರಗಳ ಗೋಡೆ, ಮತ್ತೆ ತನ್ನ ಜಾಗಕ್ಕೆ ಬಂದಿದೆ. ಅದನ್ನು ಓದಿದಾಗ ಕಣ್ಣು ತುಂಬಿತು.

ಹಳೇಕಟ್ಟಡ: ಪಾದ್ರಿಯ ವಿಷಯ ಗೊತ್ತಿರಲಿಲ್ಲ ಅಕ್ಕಾ. ಮೊಳೆ ಮಾತು ವಾಪಸ್ ತಗೊಳ್ಳುತ್ತೇನೆ, 'ನಕಲು' ಅನ್ನುವುದನ್ನೂ. ಹಲಗೆ ಕಿತ್ತದ್ದು ತಪ್ಪು ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಉಳಿಬಾಚಿ: ಅದರಲ್ಲಿ ನಾನೂ ನಿಮ್ಮ ಕಡೆಯೇ.